ಗೆಳೆಯನಿಗೊಂದು ಪತ್ರ: ನಾಲ್ಕು ಜೋಗದೆತ್ತರದ ಗೋಪುರ

ಪ್ರೀತಿಯ ಗೆಳೆಯಾ,

ಸೌದಿಯ ಜೆಡ್ಡಾದ ಉತ್ತರಕ್ಕೆ, ಓಭುರ್ ಕಡೆ ಹೋಗುವಾಗ ಕಾಣುವ ಆ ದೊಡ್ಡ ಗೋಪುರದಲ್ಲಿ, ಜೆಡ್ಡಾ ಟವರಿನಲ್ಲಿ, ಅಂಥದ್ದೇನಿದೆ ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಅದು, ಅದಕ್ಕೇ ಈ ಪತ್ರ. ಭಟ್ಕಳ, ಮಂಗಳೂರು ಕಡೆಯವರು ಅಲ್ಲಿ ಬೇಕಾದಷ್ಟು ಜನ ಇದ್ದೀರಿ. ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಮೊದಲು ಎತ್ತರ. ಮುಗಿದಾಗ ಅದು 1000 ಮೀಟರಿಗೂ ಮೇಲೆ ಇರುತ್ತದೆ. ನಮ್ಮ ಜೋಗ 253 ಮೀಟರ್, ಅಂದರೆ ನಾಲ್ಕು ಜೋಗವನ್ನು ಒಂದರ ಮೇಲೊಂದು ಇಟ್ಟಷ್ಟು. ಮುರುಡೇಶ್ವರದ ರಾಜಗೋಪುರ ಗೊತ್ತಲ್ಲ, ಅಂಥವು ಹದಿಮೂರು ಹದಿನಾಲ್ಕು ಬೇಕು. ದುಬೈನ ಬುರ್ಜ್ ಖಲೀಫಾ 828 ಮೀಟರ್. ಎರಡರ ವಿನ್ಯಾಸವೂ ಏಡ್ರಿಯನ್ ಸ್ಮಿತ್ ಅವರದೇ. ಯೋಜನೆ ಪ್ರಕಟವಾದದ್ದು 2011ರಲ್ಲಿ, ಕೆಲಸ ಶುರುವಾದದ್ದು 2013ರಲ್ಲಿ. 2018ರ ಆರಂಭದಲ್ಲಿ ಅರವತ್ತು ಚಿಲ್ಲರೆ ಮಹಡಿಗೆ ನಿಂತುಹೋಯಿತು. 2025ರ ಜನವರಿಯಲ್ಲಿ ಮತ್ತೆ ಕಾಂಕ್ರೀಟ್ ಬಿತ್ತು, 2028ಕ್ಕೆ ಮುಗಿಸುವ ಗುರಿ ಇಟ್ಟುಕೊಂಡಿದ್ದಾರೆ.

ಎತ್ತರದ ಬಗ್ಗೆ ಒಂದು ಮಾತು, ಅಂದದ ಬಗ್ಗೆ ಇನ್ನೊಂದು ಮಾತು ಅಂತ ಬೇರೆ ಬೇರೆ ಆಡುವುದು ವಾಡಿಕೆ. ಈ ಕಟ್ಟಡದಲ್ಲಿ ಅವೆರಡನ್ನು ಬಿಡಿಸಲಿಕ್ಕೇ ಬರುವುದಿಲ್ಲ. ಮರಳುಗಾಡಿನಲ್ಲಿ ಆಗಷ್ಟೇ ಚಿಗುರಿದ ಗಿಡದ ಮಡಿಸಿದ ಗರಿಗಳ ಹಾಗಿರಲಿ ಅಂತ ವಿನ್ಯಾಸಕಾರರು ಹೇಳಿದರು. ಆದರೆ ಆ ಗರಿ ಎಷ್ಟು ಅಗಲ, ಎಲ್ಲಿ ನಿಲ್ಲಬೇಕು, ಎಷ್ಟು ವಾಲಬೇಕು ಅನ್ನುವುದನ್ನೆಲ್ಲ ತೀರ್ಮಾನಿಸಿದ್ದು ಗಾಳಿ, ನೆಲ ಮತ್ತು ಕಾಂಕ್ರೀಟ್. ನನಗೆ ಅದರ ಮೇಲೆ ಇಷ್ಟೊಂದು ಪ್ರೀತಿ ಹುಟ್ಟಿದ್ದು ಅದಕ್ಕೇ.

ಹರಿಯುವ ಹೊಳೆಯಲ್ಲಿ ಒಂದು ಗಳು ಊರಿ ನೋಡು. ಅದರ ಹಿಂದೆ ಸುಳಿಗಳು ಎಡಕ್ಕೊಂದು, ಬಲಕ್ಕೊಂದು ಬಿಟ್ಟುಕೊಳ್ಳುತ್ತಾ ಹೋಗುತ್ತವೆ, ಗಳು ಅಡ್ಡಡ್ಡ ನಡುಗುತ್ತದೆ. ಎತ್ತರದ ಕಟ್ಟಡಕ್ಕೂ ಗಾಳಿ ಇದನ್ನೇ ಮಾಡುತ್ತದೆ. ಎದುರಿನಿಂದ ತಳ್ಳುವುದಕ್ಕಿಂತ ಈ ಅಡ್ಡ ತೂಗಾಟವೇ ಅಪಾಯ. ಲೆಕ್ಕ ಸುಲಭ: ಕಟ್ಟಡದ ಅಗಲವನ್ನು ಗಾಳಿಯ ವೇಗದಿಂದ ಭಾಗಿಸು, ಬಂದದ್ದನ್ನು ಮತ್ತೆ 0.12ರಿಂದ ಭಾಗಿಸು. ಆ 0.12 ಚೌಕ ಆಕಾರಕ್ಕೆ ಸುಮಾರಾಗಿ ಹೊಂದುವ ಸ್ಟ್ರೌಹಾಲ್ ಸಂಖ್ಯೆ, ಅಂದರೆ ಸುಳಿಗಳ ತಾಳ ಲೆಕ್ಕ ಹಾಕಲು ಬಳಸುವ ಸಂಖ್ಯೆ. 40 ಮೀಟರ್ ಅಗಲದ ಗೋಪುರಕ್ಕೆ ಸೆಕೆಂಡಿಗೆ 30 ಮೀಟರ್ ವೇಗದ ಗಾಳಿ ಬಡಿದರೆ ಸುಮಾರು 11 ಸೆಕೆಂಡಿಗೊಂದು ಸುತ್ತು ತೂಗಾಟ. ಬುರ್ಜ್ ಖಲೀಫಾದಂಥ ಕಟ್ಟಡ ತಾನಾಗಿ ಒಮ್ಮೆ ಅತ್ತಿಂದಿತ್ತ ಓಲಾಡಲು ತೆಗೆದುಕೊಳ್ಳುವ ಸಮಯವೂ ಹೆಚ್ಚುಕಡಿಮೆ ಅಷ್ಟೇ. ಎರಡೂ ತಾಳ ಕೂಡಿದರೆ, ಉಯ್ಯಾಲೆಯನ್ನು ಸರಿಯಾದ ಗಳಿಗೆಗೆ ತಳ್ಳಿದಂತೆ ಓಲಾಟ ಏರುತ್ತಲೇ ಹೋಗುತ್ತದೆ.

ಇದಕ್ಕೆ ಮದ್ದು, ಅಗಲವನ್ನು ಎಲ್ಲಿಯೂ ಒಂದೇ ಸಮ ಇಡದಿರುವುದು. ಅದೇ ಗಾಳಿಗೆ 60 ಮೀಟರ್ ಅಗಲದ ಕಡೆ 17 ಸೆಕೆಂಡಿಗೊಂದು ಸುತ್ತು, 20 ಮೀಟರ್ ಅಗಲದ ಕಡೆ ಐದೂವರೆ ಸೆಕೆಂಡಿಗೊಂದು. ಕೆಳಗಿನ ಸುಳಿ ಒಂದು ತಾಳ, ಮೇಲಿನದು ಇನ್ನೊಂದು, ಒಟ್ಟಿಗೆ ಸೇರಿ ತಳ್ಳಲು ಆಗುವುದಿಲ್ಲ. ಬುರ್ಜ್ ಖಲೀಫಾ ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಒಳಸರಿದು ಸಾಧಿಸಿತು. ಶಾಂಘೈ ಗೋಪುರ 120 ಡಿಗ್ರಿ ತಿರುಚಿಕೊಂಡು ಗಾಳಿಯ ಹೊರೆಯನ್ನು ಸುಮಾರು ಕಾಲುಭಾಗ ಇಳಿಸಿತು. ತೈವಾನಿನ ತೈಪೆ 101 ಕಟ್ಟಡದಲ್ಲಿ ಓಲಾಟ ತಗ್ಗಿಸಲು 660 ಟನ್ನಿನ ಉಕ್ಕಿನ ಗುಂಡನ್ನೇ ತೂಗುಬಿಟ್ಟಿದ್ದಾರೆ. ಜೆಡ್ಡಾದ್ದು ಮೂರು ರೆಕ್ಕೆ. ಮೂರೂ ನುಣುಪಾಗಿ ಒಳಗೆ ವಾಲುತ್ತಾ, ಒಂದೊಂದು ಒಂದೊಂದು ಎತ್ತರದಲ್ಲಿ ನಿಲ್ಲುತ್ತವೆ. ದೂರದಿಂದ ನೋಡಿದಾಗ ಸೊಗಸು ಅನ್ನಿಸುವ ಆ ಅಸಮ ತುದಿಗಳು ಗಾಳಿಯ ತಾಳ ತಪ್ಪಿಸಲು ಇರುವಂಥವು. ಇಷ್ಟು ಸರಳವಾದ ಉತ್ತರ ಇನ್ನೊಂದಿಲ್ಲ ಅಂತಲೇ ನನ್ನ ಅಭಿಪ್ರಾಯ.

ಒಳಗಿನ ರಚನೆ ಇನ್ನೂ ಚೆಂದ. ಥಾರ್ನ್‌ಟನ್ ತೊಮಾಸೆಟ್ಟಿ ಕಂಪನಿಯ ಎಂಜಿನಿಯರುಗಳು ಹೊರ ಅಂಚಿನಲ್ಲಿ ಪಿಲ್ಲರುಗಳನ್ನೇ ಇಟ್ಟಿಲ್ಲ. ಎಲ್ಲವೂ ಕಾಂಕ್ರೀಟ್ ಗೋಡೆ. ಕಾರಣ ಇದೆ. ಕಾಂಕ್ರೀಟ್ ಭಾರ ಹೊತ್ತಂತೆ ವರ್ಷಗಟ್ಟಲೆ ಕುಗ್ಗುತ್ತಲೇ ಇರುತ್ತದೆ. ನಡುವಿನ ದಪ್ಪ ಗೋಡೆ ಒಂದಿಷ್ಟು, ಅಂಚಿನ ಸಣ್ಣ ಪಿಲ್ಲರು ಇನ್ನೊಂದಿಷ್ಟು ಕುಗ್ಗಿದರೆ ಸ್ಲ್ಯಾಬ್ ಒಂದು ಕಡೆಗೆ ವಾಲುತ್ತದೆ, ಬಾಗಿಲು ಕಚ್ಚುತ್ತದೆ, ಗಾಜು ಸೀಳುತ್ತದೆ. ಎಲ್ಲ ಗೋಡೆಗಳಿಗೂ ಹೆಚ್ಚುಕಡಿಮೆ ಒಂದೇ ಒತ್ತಡ ಬೀಳುವ ಹಾಗೆ ಮಾಡಿದರೆ ಎಲ್ಲವೂ ಒಟ್ಟಿಗೆ ಕುಗ್ಗುತ್ತವೆ. ಆಮೇಲೂ ಉಳಿಯುವ ಕುಗ್ಗುವಿಕೆಗೆ ಪ್ರತಿ ಮಹಡಿಯನ್ನೂ ನಕ್ಷೆಗಿಂತ ಕೆಲವು ಮಿಲಿಮೀಟರ್ ಎತ್ತರಿಸಿ ಹಾಕುತ್ತಾರೆ. ಗೋಡೆಯ ಗೆರೆ ಎಲ್ಲೂ ಮುರಿಯದ ಕಾರಣ ಸೆಂಟ್ರಿಂಗನ್ನು ಹೆಚ್ಚು ಬದಲಿಸದೆ ಮೇಲೇರಿಸಿಕೊಂಡು ಹೋಗಬಹುದು.

ಇನ್ನು ನೆಲದ ವಿಷಯ. ಮೊದಲು ಬಂದ ಆಸೆ ಒಂದು ಮೈಲಿ, ಅಂದರೆ 1600 ಮೀಟರ್. ಅಲ್ಲಿನ ನೆಲ ಅದಕ್ಕೆ ಒಪ್ಪಲಿಲ್ಲ. ಕೆಂಪು ಸಮುದ್ರದ ದಡ ಅದು. ಮೇಲೆ ಹವಳದ ಸುಣ್ಣಕಲ್ಲು, ತೂತು ತೂತು. ಆದ್ದರಿಂದ 270 ಪೈಲುಗಳು, ಅಂದರೆ ನೆಲದಾಳಕ್ಕೆ ಗುಂಡಿ ಕೊರೆದು ಕಾಂಕ್ರೀಟ್ ತುಂಬಿದ ಕಂಬಗಳು: 1.5 ಮತ್ತು 1.8 ಮೀಟರ್ ವ್ಯಾಸ, ಆಳ 45ರಿಂದ 105 ಮೀಟರ್. ರೆಕ್ಕೆಯ ತುದಿಗಳಲ್ಲಿ ಗಿಡ್ಡ, ನಡುವೆ ಉದ್ದ. ಎಲ್ಲವನ್ನೂ ಒಂದೇ ಉದ್ದ ಮಾಡಿದರೆ ಭಾರ ಹೆಚ್ಚಿರುವ ನಡುಭಾಗ ತಟ್ಟೆಯ ಹಾಗೆ ತಗ್ಗಾಗುತ್ತದೆ.

105 ಮೀಟರಿನ ಒಂದೂವರೆ ಮೀಟರ್ ಪೈಲಿಗೆ ಎಷ್ಟು ಕಾಂಕ್ರೀಟ್ ಬೇಕು ಗೊತ್ತಾ? ಸುಮಾರು 186 ಕ್ಯೂಬಿಕ್ ಮೀಟರ್. ಆರು ಕ್ಯೂಬಿಕ್ ಮೀಟರಿನ ಮಿಕ್ಸರ್ ಲಾರಿ 31 ಬರಬೇಕು, ನಡುವೆ ಎಲ್ಲೂ ತಡೆಯದೆ. ಕೆಡುವುದೂ ಇಲ್ಲೇ. ಗುಂಡಿ ಕುಸಿಯದಿರಲು ತುಂಬಿದ ದ್ರವ ಹವಳದ ತೂತಿಗೆ ಸೋರಿಹೋದರೆ ಬದಿ ಕುಸಿಯುತ್ತದೆ. ತಳದಲ್ಲಿ ಕೂತ ಕೆಸರನ್ನು ತೆಗೆಯದೆ ಸುರಿದರೆ ಪೈಲು ಹಾಸಿಗೆಯ ಮೇಲೆ ನಿಂತಂತೆ. ಕಾಂಕ್ರೀಟ್ ಇಳಿಸುವ ಟ್ರೆಮಿ ಪೈಪಿನ ಬಾಯಿ ಸದಾ ಎರಡು ಮೂರು ಮೀಟರ್ ಕಾಂಕ್ರೀಟಿನೊಳಗೇ ಮುಳುಗಿರಬೇಕು. ಒಮ್ಮೆ ಹೊರಗೆ ಬಂದರೆ ನಡುವೆ ಕೆಸರಿನ ಪದರ ಸಿಕ್ಕಿಕೊಳ್ಳುತ್ತದೆ, ಪೈಲು ಅಲ್ಲಿಗೆ ಎರಡು ತುಂಡು. ಕಂಬಿಯ ಪಂಜರದ ಜೊತೆಗೇ ಕೊಳವೆ ಇಟ್ಟು, ಆಮೇಲೆ ಶಬ್ದದ ಅಲೆ ಹಾಯಿಸಿ ಇದನ್ನು ಪರೀಕ್ಷಿಸುತ್ತಾರೆ.

ಪೈಲುಗಳ ಮೇಲಿನ ರಾಫ್ಟ್, ಅಂದರೆ ಇಡೀ ಕಟ್ಟಡ ಕೂರುವ ಕಾಂಕ್ರೀಟ್ ಹಾಸು, ನಾಲ್ಕೂವರೆಯಿಂದ ಐದು ಮೀಟರ್ ದಪ್ಪ. ಅಷ್ಟು ದಪ್ಪದ ಕಾಂಕ್ರೀಟ್ ತನ್ನದೇ ಬಿಸಿಗೆ ಒಳಗೊಳಗೇ ಬೇಯುತ್ತದೆ. ಸಾಮಾನ್ಯವಾಗಿ ಒಳಗೆ 70 ಡಿಗ್ರಿ ದಾಟಬಾರದು, ಒಳಹೊರಗಿನ ವ್ಯತ್ಯಾಸ 20 ಡಿಗ್ರಿ ಮೀರಬಾರದು, ಮೀರಿದರೆ ಬಿರುಕು. ಅದಕ್ಕೆ ಸಿಮೆಂಟಿನ ಒಂದು ಪಾಲನ್ನು ಹಾರುಬೂದಿಗೆ ಬದಲಿಸಿ, ನೀರಿನ ಬದಲು ಐಸ್ ಹಾಕಿ, ರಾತ್ರಿ ಸುರಿಯುತ್ತಾರೆ.

ಲಿಫ್ಟಿನ ವಿಷಯ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಇಲ್ಲಿ ಒಂದೇ ಓಟಕ್ಕೆ 660 ಮೀಟರ್ ಏರುವ ಲಿಫ್ಟಿನ ಯೋಜನೆ ಇದೆ. 19 ಮಿಲಿಮೀಟರಿನ ಉಕ್ಕಿನ ಹಗ್ಗ ಮೀಟರಿಗೆ ಸುಮಾರು 1.3 ಕಿಲೋ. ಎಂಟು ಹಗ್ಗ, 660 ಮೀಟರ್: ಹಗ್ಗದ ತೂಕವೇ ಏಳು ಟನ್ನಿನ ಹತ್ತಿರ. ಇಪ್ಪತ್ತು ಜನರ ತೂಕ ಒಂದೂವರೆ ಟನ್. ಹಗ್ಗವನ್ನು ಎಳೆಯಲೆಂದೇ ಮೋಟಾರು ದುಡಿಯಬೇಕಾಗುತ್ತದೆ! ಅದಕ್ಕೇ ಉಕ್ಕಿನ ಹಗ್ಗ 500 ಮೀಟರಿನ ಸುಮಾರಿಗೆ ಕೈಚೆಲ್ಲುತ್ತದೆ. ಫಿನ್ಲೆಂಡಿನ ಕೋನೆ ಕಂಪನಿ 2013ರಲ್ಲಿ ಹೊರತಂದ ಕಾರ್ಬನ್ ಫೈಬರಿನ ಚಪ್ಪಟೆ ಪಟ್ಟಿ, ಅಲ್ಟ್ರಾರೋಪ್, ತೂಕದಲ್ಲಿ ಅದರ ಒಂದು ಸಣ್ಣ ಪಾಲು ಮಾತ್ರ. ಕಟ್ಟಡ ಓಲಾಡಿದಾಗ ಉಕ್ಕಿನ ಹಗ್ಗದಂತೆ ಅದು ಜೊತೆಗೂಡಿ ತೂಗುವುದೂ ಇಲ್ಲ. ಈ ಪಟ್ಟಿ ಬರದಿದ್ದರೆ ಜನ ನಡುವೆ ಇಳಿದು ಲಿಫ್ಟ್ ಬದಲಿಸಬೇಕಿತ್ತು.

ಜೆಡ್ಡಾದ ಸೆಖೆ ನಿನಗೆ ಹೇಳಬೇಕಾಗಿಲ್ಲ. ಹೊರಗೆ 40 ಡಿಗ್ರಿ, ಒಳಗೆ 23 ಇದ್ದರೆ ಒಳಗಿನ ತಂಪು ಗಾಳಿ ಭಾರವಾಗಿ ಲಿಫ್ಟಿನ ಬಾವಿಯಲ್ಲಿ ಕೆಳಗೆ ಜಾರುತ್ತದೆ, ಕೆಳಬಾಗಿಲಿನಿಂದ ನುಗ್ಗಿ ಹೊರಟುಹೋಗುತ್ತದೆ; ಮೇಲುಗಡೆ ಸಂದುಗಳಿಂದ ಕಡಲ ಹಸಿ ಗಾಳಿ ಒಳಗೆ ಬರುತ್ತದೆ. ಲಿಫ್ಟಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಗೋಡೆ ಬೆವರುತ್ತದೆ. ಸುತ್ತು ಬಾಗಿಲು, ಲಿಫ್ಟಿನ ಮುಂದೆ ಇನ್ನೊಂದು ಬಾಗಿಲು, ಬಾವಿಗಳನ್ನು ನಡುವೆ ಕಡಿಯುವುದು, ಗಾಜಿನ ಸಂದು ಬಿಗಿ ಮಾಡುವುದು: ಮದ್ದುಗಳು ಇವೇ.

ತುದಿಯ ಬಗ್ಗೆ ಒಂದು ಟೀಕೆ ಇದೆ, ಅದು ನಿಜವೂ ಹೌದು. ನೋಟದ ಮಹಡಿ 157ನೆಯದು, 600 ಮೀಟರಿಗೂ ಮೇಲೆ. ಅದರಾಚೆಗಿನ 300ಕ್ಕೂ ಹೆಚ್ಚು ಮೀಟರಿನಲ್ಲಿ ಯಾರೂ ವಾಸ ಮಾಡುವುದಿಲ್ಲ. ಬುರ್ಜ್ ಖಲೀಫಾದಲ್ಲೂ ಹೀಗೆ 244 ಮೀಟರ್ ಖಾಲಿ. ಸಣ್ಣದಾಗುತ್ತಾ ಹೋದ ಮಹಡಿಯಲ್ಲಿ ಕೊನೆಗೆ ಲಿಫ್ಟು, ಮೆಟ್ಟಿಲು ಕೂತರೆ ಕೋಣೆಗೆ ಜಾಗವೇ ಉಳಿಯುವುದಿಲ್ಲ. ಆದರೂ ಗೆರೆಯನ್ನು ಅಲ್ಲಿಗೇ ಕಡಿದಿದ್ದರೆ ಇಡೀ ಆಕಾರ ಕೊನೆಯ ಸಾಲು ಇಲ್ಲದ ಪದ್ಯದಂತೆ ಆಗುತ್ತಿತ್ತು. ಆ ಖರ್ಚನ್ನು ನಾನು ಒಪ್ಪುತ್ತೇನೆ.

ನಿಂತ ಕೆಲಸ ಮತ್ತೆ ಹಿಡಿಯುವುದೂ ಹಗುರದ ಮಾತಲ್ಲ. ಏಳು ವರ್ಷ ಉಪ್ಪುಗಾಳಿಗೆ ಒಡ್ಡಿದ ಕಂಬಿಯ ತುದಿಗಳಿದ್ದಾಗ ಮೊದಲು ತುಕ್ಕು ಉಜ್ಜಿ, ಕಂಬಿ ಎಷ್ಟು ಸವೆದಿದೆ ಅಂತ ಅಳೆಯಬೇಕು. ಕಾಂಕ್ರೀಟನ್ನು ಕೊರೆದು, ಉಪ್ಪು ಎಷ್ಟು ಒಳಗೆ ಇಳಿದಿದೆ ಅಂತ ಪದರ ಪದರವಾಗಿ ನೋಡಬೇಕು. ಹಳೆಯ ಮೇಲ್ಮೈಯನ್ನು ಜಲ್ಲಿ ಕಾಣುವವರೆಗೆ ಒರಟು ಮಾಡಿಯೇ ಹೊಸದನ್ನು ಹಾಕಬೇಕು. ಇಲ್ಲವಾದರೆ ಅಲ್ಲೊಂದು ದುರ್ಬಲ ಜೋಡಣೆ ಉಳಿದುಬಿಡುತ್ತದೆ.

ಇನ್ನು ಮುಂದೆ ಆ ಕಡೆ ಹೋದಾಗ ಒಂದು ಉಪಕಾರ ಮಾಡು. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ನಿಂತು, ಸಂಜೆಯ ಇಳಿಬಿಸಿಲಲ್ಲಿ ಒಂದು ಫೋಟೋ ತೆಗೆ. ನಡುಭಾಗ ಎಷ್ಟು ಮಹಡಿ ಮುಂದಿದೆ, ರೆಕ್ಕೆಗಳು ಎಷ್ಟು ಹಿಂದಿವೆ ಅಂತ ಎಣಿಸು. ಮೂರು ರೆಕ್ಕೆಗಳಲ್ಲಿ ಮೊದಲು ನಿಲ್ಲುವುದು ಯಾವುದು ಅಂತ ಕಂಡ ದಿನವೇ ನನಗೆ ಬರೆ.

ನಿನ್ನ,
ಗೆಳೆಯ