ವಿಂಗ್ರಾ ಸರೋವರದಲ್ಲಿ ಮಸ್ಕಿ ಮೀನು ಹಿಡಿಯುವವರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಈ ವಾರಾಂತ್ಯ ಮಸ್ಕಿ (ಬೇರೆ ಮೀನುಗಳನ್ನು ಬೇಟೆಯಾಡುವ ದೊಡ್ಡ ಸಿಹಿನೀರಿನ ಮೀನು) ಹಿಡಿಯಲು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದ ವಿಂಗ್ರಾ ಸರೋವರಕ್ಕೆ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿಯಾಗಿ ಓದಬೇಕೆಂದು ಕೋರುತ್ತೇನೆ. 2008ರಲ್ಲಿ, ಹಿಮಗಟ್ಟಿದ್ದ ಈ ಆಳವಿಲ್ಲದ ಸರೋವರದಲ್ಲಿ ಬಲೆ ಎಳೆದು, ತಳವನ್ನು ಕೆದಕಿ ಮೇಯುವ ಕಾರ್ಪ್ ಮೀನುಗಳನ್ನು ದೊಡ್ಡ ಪ್ರಮಾಣದಲ್ಲಿ ತೆಗೆದ ಮೇಲೆ, ತಳದ ಕೆಸರು ಕದಡುವುದು ಕಡಿಮೆಯಾಗಿ, ನೀರು ತಿಳಿಯಾಗಿ, ಬಿಸಿಲು ಇನ್ನಷ್ಟು ಕೆಳಕ್ಕೆ ಇಳಿದು, ಜಲಸಸ್ಯಗಳು ಮೊದಲಿಗಿಂತ ವ್ಯಾಪಕವಾಗಿ ಹರಡಿದವು. ಗಾಳಕ್ಕೆ ಕಳೆ ಸುತ್ತಿಕೊಳ್ಳುತ್ತದೆ ಎಂಬ ಬೇಸರ ನನಗೂ ಅರ್ಥವಾಗುತ್ತದೆ. ಆದರೆ ಮರೆಯಲ್ಲಿ ನಿಂತು ಹೊಂಚುಹಾಕುವ ಮಸ್ಕಿಗೆ ಆ ಕಳೆಯ ಅಂಚೇ ನೆಲೆಯಾದ್ದರಿಂದ, ದಯವಿಟ್ಟು ಅದನ್ನು ಕಿತ್ತುಹಾಕದೆ, ಮೇಲ್ಮಟ್ಟದಲ್ಲಿ ಸಾಗುವ ಕೃತಕ ಎರೆಯನ್ನು ಅಂಚಿನ ಉದ್ದಕ್ಕೂ ಎಳೆಯಿರಿ.

ಇಲ್ಲಿನ ಮಸ್ಕಿ ಸಂತತಿ ಬಹುಮಟ್ಟಿಗೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯವರು ಬಿಡುವ ಮರಿಗಳನ್ನೇ ಅವಲಂಬಿಸಿದೆ. ಹೆಣ್ಣು ಮೀನು ಮೊಟ್ಟೆಯಿಡುವಷ್ಟು ಬೆಳೆಯಲು ಹಲವು ವರ್ಷಗಳು ಬೇಕಾಗುವುದರಿಂದ, ಹಿಡಿದ ಮೀನನ್ನು ಅಳತೆಯ ನಿಯಮ ಒಪ್ಪಿದರೂ ಮರಳಿ ಬಿಡಬೇಕೆಂಬುದು ನನ್ನ ಮನಃಪೂರ್ವಕ ವಿನಂತಿ.

ನೀರಿನ ಉಷ್ಣತೆ 27 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದ್ದರೆ ಮಸ್ಕಿಗೆ ಗಾಳ ಹಾಕಲೇಬೇಡಿ, ಏಕೆಂದರೆ ಬಿಸಿನೀರಿನಲ್ಲಿ ಹೋರಾಡಿ ದಣಿದ ಮೀನು ಈಜಿಹೋದಂತೆ ಕಂಡರೂ ನಂತರ ಸಾಯಬಹುದು. ರಬ್ಬರು ಲೇಪಿಸಿದ ದೊಡ್ಡ ಬಲೆ, ಉದ್ದ ಮೂತಿಯ ಇಕ್ಕುಳ ಮತ್ತು ಗಾಳದ ಕೊಕ್ಕೆಯನ್ನೇ ಕತ್ತರಿಸಬಲ್ಲ ಕಟರ್ ದೋಣಿಯಲ್ಲಿರಲಿ. ಕೊಕ್ಕೆ ಬಿಡಿಸುವಾಗ ಮೀನು ಬಲೆಯೊಳಗೆ, ನೀರಿನಲ್ಲೇ ಇರಲಿ. ಫೋಟೊ ಬೇಕಿದ್ದರೆ ಅಡ್ಡಲಾಗಿ, ಹೊಟ್ಟೆಗೆ ಆಸರೆ ಕೊಟ್ಟು ಕೆಲವೇ ಕ್ಷಣ ಎತ್ತಿರಿ, ದವಡೆಯಿಂದ ನೇತುಹಾಕಬೇಡಿ.

ಕಟರ್ ಇಲ್ಲದವರು ಶುಕ್ರವಾರ ಸಂಜೆಯೊಳಗೆ ತಿಳಿಸಿದರೆ, ನನ್ನಲ್ಲಿರುವ ಎರಡನ್ನು ತರುತ್ತೇನೆ.