ಸರ್ಕಾರಿ ವಕೀಲರ ಹುದ್ದೆಗೆ ಅರ್ಜಿ ಕರೆಯಿರಿ: ಕಾನೂನು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾನೂನು ಸಚಿವರೇ,

ಹೈಕೋರ್ಟಿನ ಸರ್ಕಾರಿ ವಕೀಲರ ಪಟ್ಟಿ ಹೇಗೆ ತಯಾರಾಗುತ್ತದೆಂದು ನಿಮಗೆ ಹೇಳಿಕೊಡಬೇಕಿಲ್ಲ. ಸರ್ಕಾರ ಬದಲಾದರೆ ಪಟ್ಟಿಯೂ ಬದಲು. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಪೀಠಗಳಲ್ಲಿ ಇದನ್ನು ಸಹಿಸಿಕೊಂಡೇ ಬಂದಿದ್ದೇವೆ. ಬೇಡುವುದು ಇಷ್ಟೇ: ಅರ್ಜಿ ಕರೆಯಿರಿ, ಆಯ್ಕೆ ಸಮಿತಿ ಮಾಡಿ, ಮಾನದಂಡ ಪ್ರಕಟಿಸಿ.

ಸರ್ಕಾರದ ಕ್ರಮವನ್ನು ಪ್ರಶ್ನಿಸುವ ರಿಟ್ ಅರ್ಜಿಯ ನೋಟಿಸ್, ರಾಜ್ಯದ ಮುಖ್ಯ ವಕೀಲರಾದ ಅಡ್ವೊಕೇಟ್ ಜನರಲ್ ಕಚೇರಿಗೆ ಬಂದ ಮೇಲಿನ ಕಥೆ ನಿಮಗೂ ಗೊತ್ತು. ಅದರ ನಕಲು ಸಂಬಂಧಿಸಿದ ಇಲಾಖೆಗೆ ಹೋಗುತ್ತದೆ. ಇಲಾಖೆ ಅರ್ಜಿಯ ಒಂದೊಂದು ಕಂಡಿಕೆಗೂ ಷರಾ, ಅಂದರೆ ತನ್ನ ಉತ್ತರ, ಬರೆದು, ಮೂಲ ಕಡತದೊಂದಿಗೆ ಕಳಿಸಬೇಕು. ವಕೀಲರು ಆಕ್ಷೇಪಣೆಯ ಕರಡು ಮಾಡಬೇಕು, ಅಧಿಕಾರಿ ಓದಿ ಪ್ರಮಾಣಪತ್ರಕ್ಕೆ (ಅಫಿಡವಿಟ್) ಸಹಿ ಹಾಕಬೇಕು. ಆಗುವುದೇ ಬೇರೆ. ವಿಷಯ ಬಲ್ಲ ಅಧಿಕಾರಿ ವರ್ಗವಾಗಿರುತ್ತಾರೆ. ಬಂದವರು 'ದಾಖಲೆಯ ವಿಷಯ', 'ಅಲ್ಲಗಳೆಯಲಾಗಿದೆ' ಎಂದು ಗೀಚಿ ಕಳಿಸುತ್ತಾರೆ. ಅದನ್ನು ತಿರುಗಿಸಿ ಕಳಿಸುವ ಧೈರ್ಯ ವಕೀಲರಿಗೆ ಇರಬೇಕಲ್ಲವೇ? ಶಿಫಾರಸಿನಿಂದ ಬಂದವರಿಗೆ ಅದು ಎಲ್ಲಿಂದ ಬರಬೇಕು! ನ್ಯಾಯಪೀಠದ ಮುಂದೆ ಮತ್ತದೇ ಮಾತು: 'ಸೂಚನೆ ಪಡೆಯಲು ಕಾಲಾವಕಾಶ ಬೇಕು.' ಪಿಂಚಣಿ ನಿಂತ ನೌಕರ, ಭೂಸ್ವಾಧೀನದ ಪರಿಹಾರಕ್ಕೆ ಕಾದ ರೈತ, ಇಬ್ಬರಿಗೂ ಮುಂದಿನ ದಿನಾಂಕ.

ಸೋತ ಮೇಲಿನದು ಇನ್ನೂ ಚೆನ್ನ. ಹೈಕೋರ್ಟಿನ ಏಕಸದಸ್ಯ ಪೀಠದ ಆದೇಶದ ವಿರುದ್ಧ ಮೇಲ್ಮನವಿಗೆ 30 ದಿನ. ದೃಢೀಕೃತ ಪ್ರತಿ, ವಕೀಲರ ಅಭಿಪ್ರಾಯ, ಇಲಾಖೆ, ಕಾನೂನು ಇಲಾಖೆ ಎಂದು ಕಡತ ಸುತ್ತುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಆಮೇಲೆ ವಿಳಂಬ ಮನ್ನಿಸಿ ಎಂದು 'ಆಡಳಿತಾತ್ಮಕ ಕಾರಣ'ದ ಅರ್ಜಿ. ಅಂಥ ಸಬೂಬು ನಡೆಯದೆಂದು ಸುಪ್ರೀಂ ಕೋರ್ಟ್ 2012ರಲ್ಲೇ ಅಂಚೆ ಇಲಾಖೆಗೆ ಹೇಳಿದೆ. ನಮ್ಮ ಇಲಾಖೆಗಳಿಗೆ ಆ ತೀರ್ಪಿನ ಅಂಚೆ ಇನ್ನೂ ತಲುಪಿಲ್ಲವೇನೋ.

ಇದು ಕಕ್ಷಿದಾರರ ಗೋಳಿಗೆ ಮುಗಿಯುವುದಿಲ್ಲ. ಇದೇ ಸಾಲಿನಿಂದ ನ್ಯಾಯಮೂರ್ತಿಗಳೂ ಬರುತ್ತಾರೆ. ಎ.ಎಸ್. ಬೋಪಣ್ಣನವರು ಕೇಂದ್ರದ ಹೆಚ್ಚುವರಿ ಸ್ಥಾಯಿ ವಕೀಲರಾಗಿದ್ದು, 2006ರಲ್ಲಿ ಹೈಕೋರ್ಟಿಗೂ 2019ರಲ್ಲಿ ಸುಪ್ರೀಂ ಕೋರ್ಟಿಗೂ ನೇಮಕಗೊಂಡರು. ಸೇವಾ ವಿಷಯ, ಭೂಮಿ, ತೆರಿಗೆ ಎಲ್ಲವನ್ನೂ ನಿತ್ಯ ನೋಡುವ ಒಳ್ಳೆಯ ಸರ್ಕಾರಿ ವಕೀಲರಿಗೆ ಆ ಅನುಭವ ಪೀಠದಲ್ಲಿ ಆಸ್ತಿಯೇ. ಸಂವಿಧಾನದ 217ನೇ ವಿಧಿ ವಕೀಲರಿಂದ ಕೇಳುವುದು ಹೈಕೋರ್ಟಿನಲ್ಲಿ 10 ವರ್ಷಗಳ ವೃತ್ತಿ. ಆ ವರ್ಷಗಳು ಹೇಗೆ ಕಳೆದವೆಂದು ಅದು ಕೇಳುವುದಿಲ್ಲ. ನ್ಯಾಯಮೂರ್ತಿಗಳ ಹೆಸರು ಶಿಫಾರಸು ಮಾಡುವ ಹಿರಿಯ ನ್ಯಾಯಮೂರ್ತಿಗಳ ಮಂಡಳಿ, ಕೊಲಿಜಿಯಂ, ಅದನ್ನು ನೋಡುತ್ತದೆ, ನಿಜ. ಆದರೆ ಅದರ ಕಣ್ಣಿಗೆ ಬೀಳುವವರಲ್ಲಿ ಹಲವರನ್ನು ಮೊದಲು ಆರಿಸಿ ನಿಲ್ಲಿಸಿದವರು ನೀವೇ. ಕೊಲಿಜಿಯಂ ಶಿಫಾರಸಿನ ಹೆಸರು ಬಂದ ಮೇಲೆ ಅಭಿಪ್ರಾಯ ಹೇಳಲು ರಾಜ್ಯಕ್ಕೆ ಆರು ವಾರವಿದೆ, ಸುಮ್ಮನಿದ್ದರೆ ಹೇಳುವುದೇನೂ ಇಲ್ಲವೆಂದೇ ಲೆಕ್ಕ.

ಕ್ರಿಮಿನಲ್ ಪ್ರಕರಣಗಳಲ್ಲಿ ಸರ್ಕಾರದ ಪರ ವಾದಿಸುವ ಹೈಕೋರ್ಟಿನ ಪಬ್ಲಿಕ್ ಪ್ರಾಸಿಕ್ಯೂಟರ್ ನೇಮಕಕ್ಕೆ ಏಳು ವರ್ಷಗಳ ವೃತ್ತಿ ಮತ್ತು ಹೈಕೋರ್ಟಿನೊಂದಿಗೆ ಸಮಾಲೋಚನೆ ಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಪ್ರಕ್ರಿಯೆಯ ಕಾನೂನು) 18ನೇ ಕಲಮು ಹೇಳುತ್ತದೆ. ರಿಟ್, ಸಿವಿಲ್ ನೋಡುವವರಿಗೆ ಆ ಕಲಮು ಅನ್ವಯಿಸದು. ಅಲ್ಲೇ ನಿಮ್ಮವರಿಗೆ ಬಾಗಿಲು ತೆರೆದಿರುವುದು.

ಸರ್ಕಾರಿ ವಕೀಲರ ನೇಮಕದ ಬಗೆಗಿನ ಬ್ರಿಜೇಶ್ವರ್ ಸಿಂಗ್ ಚಾಹಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲೇ ಪಾರದರ್ಶಕ ಆಯ್ಕೆಯ ದಾರಿ ತೋರಿಸಿದೆ. ಅದು ಪಂಜಾಬ್, ಹರಿಯಾಣದ ಪ್ರಕರಣ ಎಂದು ನೀವು ಹೇಳಬಹುದು. ಹೇಳಿ. ಹೇಳಿಯಾದ ಮೇಲೆ ಅರ್ಜಿ ಕರೆಯಿರಿ. ಅರ್ಜಿದಾರರು ನಡೆಸಿದ ಪ್ರಕರಣಗಳ ವಿವರ ಕೇಳಿ, ಸಮಿತಿಯಿಂದ ಪರಿಶೀಲಿಸಿ, ಆಯ್ಕೆಯಾದವರ ಅಂಕಗಳನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿ. ಮುಂದಿನ ಪಟ್ಟಿ ಹೊರಡುವ ಮುನ್ನ ಅರ್ಜಿ ಕರೆಯಿರಿ.

ಇತಿ,
ಹೈಕೋರ್ಟಿನ ಒಬ್ಬ ವಕೀಲ