ಮಬ್ಬಾದ ವೈನಿಗೆ ಪಟಿಕ ಬೇಡ

ಮಾನ್ಯರೇ,

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಕೆಜಿಎಫ್‌ನ ಮನೆಗಳಲ್ಲಿ ಜಾಡಿಯ ದ್ರಾಕ್ಷಿ ವೈನ್ ಸೋಸುವ ಕೆಲಸ ಶುರುವಾಗುತ್ತದೆ. ವೈನ್ ಕದಡಿದಂತಿದ್ದರೆ ಪಟಿಕ ತಿರುವಿ ಎಂಬ ಸಲಹೆ ಬಾಯಿಂದ ಬಾಯಿಗೆ ಹರಡಿದೆ. ದಯವಿಟ್ಟು ಹಾಕಬೇಡಿ. ಪಟಿಕ ಅಲ್ಯೂಮಿನಿಯಂ ಲವಣ. ಕೆರೆಯ ನೀರಿನಲ್ಲಿ ಅದು ಕೆಸರನ್ನು ಹಿಡಿದು ತಳಕ್ಕಿಳಿಯುತ್ತದೆ, ಆದರೆ ವೈನಿನ ಹುಳಿಗೆ ಕರಗಿ ಒಳಗೇ ಉಳಿಯುತ್ತದೆ.

ಮೊದಲು ಮಬ್ಬು ಯಾವುದರದ್ದೆಂದು ತಿಳಿಯಬೇಕು. ನಮ್ಮ ಕಡೆ ಬಳಸುವ ಬೆಂಗಳೂರು ಬ್ಲೂ ಹಣ್ಣಿನ ತಿರುಳು ಲೋಳೆ ಲೋಳೆ. ಅದನ್ನು ಬೇಯಿಸಿದರೆ ಪೆಕ್ಟಿನ್ ಎಂಬ ಅಂಟು ಪದಾರ್ಥ ರಸಕ್ಕಿಳಿಯುತ್ತದೆ, ಪೆಕ್ಟಿನ್ ಒಡೆಯಬೇಕಾದ ಹಣ್ಣಿನ ಕಿಣ್ವ ಆ ಬಿಸಿಗೇ ನಾಶವಾಗುತ್ತದೆ. ಒಂದು ಚಮಚ ವೈನಿಗೆ ನಾಲ್ಕು ಚಮಚ ಸರ್ಜಿಕಲ್ ಸ್ಪಿರಿಟ್ ಬೆರೆಸಿ ಅರ್ಧ ಗಂಟೆ ಬಿಡಿ. ಲೋಳೆಯ ಎಳೆ, ಗಂಟು ಕಂಡರೆ ಅದು ಪೆಕ್ಟಿನ್. (ಆ ಮಿಶ್ರಣ ವಿಷ, ಕೂಡಲೇ ಚೆಲ್ಲಿ.) ಪರಿಹಾರ ಪೆಕ್ಟಿನೇಸ್ ಕಿಣ್ವ, ಪೊಟ್ಟಣದ ಮೇಲಿನ ಅಳತೆಯಂತೆ. ತಂಪಿನಲ್ಲಿ ಅದರ ಕೆಲಸ ನಿಧಾನ, ಬೆಚ್ಚಗಿನ ಮೂಲೆಯಲ್ಲಿಡಿ. ಮುಂದಿನ ವರ್ಷ ಹಣ್ಣು ಬೇಯಿಸದೆ, ಕಿವುಚಿದ ದಿನವೇ ಕಿಣ್ವ ಹಾಕಿದರೆ ಈ ತಾಪತ್ರಯವೇ ಇರದು.

ಎರಡನೆಯ ತಪ್ಪು, ರೂಢಿಯೆಂದು ಹಾಕುವ ಹಿಡಿ ಗೋಧಿ. ಒಡೆದ ಅಥವಾ ಬೇಯಿಸಿದ ಗೋಧಿಯಿಂದ ಗಂಜಿ ಬಿಡುತ್ತದೆ. ಒಂದು ಚಮಚ ವೈನಿಗೆ ಹತ್ತು ಪಟ್ಟು ನೀರು ಬೆರೆಸಿ ಟಿಂಕ್ಚರ್ ಅಯೋಡಿನ್ ಒಂದು ಹನಿ ಬಿಡಿ. ನೀಲಿಗಪ್ಪಾದರೆ ಗಂಜಿಯೇ. ಪರೀಕ್ಷೆಯ ಆ ಮಿಶ್ರಣವನ್ನೂ ಚೆಲ್ಲಿ. ಗೋಧಿ ಹಾಕದಿದ್ದರೂ ವೈನ್ ಚೆನ್ನಾಗಿಯೇ ಆಗುತ್ತದೆ.

ಎರಡೂ ಅಲ್ಲದಿದ್ದರೆ ಬಹುಮಟ್ಟಿಗೆ ತೇಲುತ್ತಿರುವ ಈಸ್ಟ್. ಗುಳ್ಳೆ ಪೂರ್ತಿ ನಿಂತ ಮೇಲೆ ಮೂರ್ನಾಲ್ಕು ದಿನ ಫ್ರಿಜ್‌ನಲ್ಲಿ ಅಲುಗಾಡಿಸದೆ ಇಡಿ. ಕುದಿಸಿ ತೊಳೆದ ಪೈಪಿನಿಂದ, ಗಸಿಯ ಮೇಲೆ ಒಂದಿಂಚು ಬಿಟ್ಟು, ತಿಳಿಯನ್ನಷ್ಟೇ ಇಳಿಸಿಕೊಳ್ಳಿ. ಮತ್ತೆ ಮತ್ತೆ ಬಟ್ಟೆಯಲ್ಲಿ ಸೋಸುವುದು ವ್ಯರ್ಥ. ಈಸ್ಟ್ ಕಣ ಬಟ್ಟೆಯ ಕಣ್ಣಿಗಿಂತ ಎಷ್ಟೋ ಚಿಕ್ಕದು, ಅದು ನಿಲ್ಲುವುದಿಲ್ಲ. ಪ್ರತಿ ಸಲವೂ ಗಾಳಿ ಬೆರೆತು ವೈನ್ ಕಂದಾಗಿ ವಿನೆಗರ್‌ನತ್ತ ತಿರುಗುತ್ತದೆ. ಗುಳ್ಳೆ ನಿಲ್ಲುವ ಮುನ್ನ ಮುಚ್ಚಳ ಬಿಗಿದರೆ ಬಾಟಲಿ ಸಿಡಿದು ಗಾಯವಾದೀತು.

ತಳದಲ್ಲಿ ಸಕ್ಕರೆಯಂತೆ ಹೊಳೆಯುವ ಹರಳುಗಳಿದ್ದರೆ ಅವು ದ್ರಾಕ್ಷಿಯದೇ ಹುಳಿಯ ಲವಣವಾದ ಟಾರ್ಟರ್, ನಿರಪಾಯ. ಆದರೆ ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದಾಗ ಆಗಷ್ಟೇ ಬಿಚ್ಚಿದ ರೇಷ್ಮೆಯ ನೂಲಿನಂತೆ ಮಿನುಗುವ ಸುರುಳಿ ಎದ್ದು, ಹುಳಿ ನಾತವೂ ಬಂದರೆ ಬ್ಯಾಕ್ಟೀರಿಯಾ ಸೇರಿದೆ. ಅದಕ್ಕೆ ಮದ್ದಿಲ್ಲ. ಚೆಲ್ಲಿ, ಜಾಡಿಯನ್ನು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಬಿಸಿಲಿಗೆ ಬೋರಲು ಹಾಕಿ.

– ಓದುಗರು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್, ಕೋಲಾರ ಜಿಲ್ಲೆ